ಅರಸನು ಪ್ರಜೆಯೋ?

ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 17:14-20, 1 ಅರಸುಗಳು 21, ಮತ್ತಾಯ 17:24-27.

ದೇಶವನ್ನಾಳುವ ಅರಸನು ಆ ದೇಶದ ಪ್ರಜೆಗಳಲ್ಲಿ ಒಬ್ಬನೆಂದು ಎಣಿಸಲ್ಪಡುವನೋ ಎಂಬ ಪ್ರಶ್ನೆಯು ಮಕ್ಕಳ ಒಗಟಿನಂತೆ ತೋರಬಹುದು. ಆದರೂ ಇದರಲ್ಲಿ ನಮ್ಮ ಸಭೆಗಳಿಗೆ ಬೇಕಾದ ಪಾಠವೊಂದು ಅಡಗಿರುವದರಿಂದ ಇದನ್ನು ವಿಚಾರಿಸೋಣ.

1. ಲೋಕದ ಕ್ರಮ. ಇಂಗ್ಲೆಂಡಿನ ಅರಸರನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳೋಣ. ಅಲ್ಲಿಯ ಪ್ರಜೆಗಳಿಗೆ ಪಾಸ್‌ಪೋರ್ಟ್ ಅರಸರ ಹೆಸರಿನಲ್ಲಿ ಕೊಡಲ್ಪಡುತ್ತದೆ. ಆದಕಾರಣ ಅರಸರಿಗೆ ಮಾತ್ರ ಪಾಸ್‌ಪೋರ್ಟ್ ಇಲ್ಲ. ನ್ಯಾಯಸ್ಥಾನಗಳೂ ಅವರ ಹೆಸರಿನಲ್ಲಿಯೇ ನಡೆಯುವದರಿಂದ ಅವರ ಮೇಲೆ ವ್ಯಾಜ್ಯ ಹೂಡುವದಕ್ಕಾಗದು. ಅವರು ಮತ ಹಾಕುವ ವಾಡಿಕೆಯಿಲ್ಲ. 2ನೆಯ ಎಲಿಜಬೆತ್ ರಾಣಿಯವರು 1993ರಿಂದ ವರಮಾನ ತೆರಿಗೆ ಕೊಡುತ್ತಾ ಬಂದರು. ಅದೂ ಕಾನೂನಿನ ಬಲವಂತದಿಂದಲ್ಲ, ಸ್ವಂತ ಒಪ್ಪಿಗೆಯಿಂದ. ಅವರ ಮಗನಾದ 3ನೆಯ ಚಾರ್ಲ್ಸ್‌ರವರು 2022ನೆಯ ಇಸವಿ ಸೆಪ್ಟೆಂಬರ್ 8ರ ವರೆಗೆ ತಾಯಿಯ ಪ್ರಜೆಯಾಗಿದ್ದರು. ಆಕೆ ತೀರಿಕೊಂಡ ಗಳಿಗೆಯಲ್ಲಿಯೇ ಅರಸರಾದರು. ಪ್ರಜೆ ಎಂದರೆ ಆಳಲ್ಪಡುವವನು ಎಂದರ್ಥವಾದರೆ, ಅರಸನು ಸ್ವದೇಶದವನಾಗಿದ್ದರೂ ಪ್ರಜೆಯಾಗಲಾರನು.

ನಮ್ಮ ನಾಡಿನಲ್ಲಿ ಈ ಕ್ರಮವು ಅಳಿದುಹೋಯಿತು. 1971ರಲ್ಲಿ ರಾಜ್ಯಾಂಗದ ತಿದ್ದುಪಡಿಯಿಂದ ಹಿಂದಿನ ಅರಸರ ರಾಜಧನವೂ ಪದವಿಯೂ ನಿಂತುಹೋದವು. 1984ರಲ್ಲಿ ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರವರು ಜನರ ಮತ ಬೇಡಿ ಲೋಕಸಭೆಗೆ ಆರಿಸಲ್ಪಟ್ಟರು.

2. ದೇವರ ಕ್ರಮ. ಇಸ್ರಾಯೇಲ್ಯರ ಅರಸನು ಪರದೇಶದವನಾಗಿರದೆ ಸಹೋದರರಲ್ಲಿ ಒಬ್ಬನಾಗಿರಬೇಕೆಂದು ದೇವರು ಮೋಶೆಯ ಮೂಲಕ ಆಜ್ಞಾಪಿಸಿದನು. ಅರಸನು ಧರ್ಮಶಾಸ್ತ್ರದ ಪ್ರತಿಯನ್ನು ಬರೆದಿಟ್ಟುಕೊಂಡು ಜೀವಮಾನವೆಲ್ಲಾ ಓದಬೇಕಾಗಿತ್ತು. ಯಾಕೆ? ಸಹೋದರರಿಗಿಂತ ತಾನು ಹೆಚ್ಚಿನವನೆಂದು ಅವನ ಹೃದಯವು ಉಬ್ಬದ ಹಾಗೆ. ಅಹಾಬನು ಇದನ್ನು ಮರೆತನು. ಸುಳ್ಳು ಸಾಕ್ಷಿಗಳಿಂದ ನಾಬೋತನು ಕೊಲ್ಲಲ್ಪಟ್ಟ ಮೇಲೆ ಅಹಾಬನು ಅವನ ದ್ರಾಕ್ಷೇತೋಟಕ್ಕೆ ಇಳಿದುಹೋದನು. ಆ ಅರಸನನ್ನು ವಿಚಾರಿಸುವ ಅಧಿಕಾರಿಯು ದೇಶದಲ್ಲಿರಲಿಲ್ಲ. ಆದರೆ ಎಲೀಯನು ತೋಟದಲ್ಲಿಯೇ ಅವನೆದುರಿಗೆ ಬಂದು ನಿಂತನು. ದೇವರ ಮುಂದೆ ಪ್ರತಿ ಅರಸನೂ ಪ್ರಜೆಯೇ.

3. ಕ್ರಿಸ್ತನ ಮಾದರಿ. ಕಪೆರ್ನೌಮಿನಲ್ಲಿ ದೇವಾಲಯದ ತೆರಿಗೆಯನ್ನು ಕೇಳಿದಾಗ, ಅರಸರ ಮಕ್ಕಳು ತೆರಿಗೆಗೆ ಒಳಗಾದವರಲ್ಲವೆಂದು ಕರ್ತನು ಪೇತ್ರನಿಗೆ ತೋರಿಸಿಕೊಟ್ಟನು. ದೇವಾಲಯವು ಆತನ ತಂದೆಯದು. ಆದರೂ ಆತನು ತನ್ನ ಹಕ್ಕನ್ನು ಹಿಡುಕೊಳ್ಳದೆ, ಒಂದೇ ನಾಣ್ಯದಿಂದ ತನ್ನ ತೆರಿಗೆಯನ್ನೂ ಬೆಸ್ತನಾದ ಪೇತ್ರನ ತೆರಿಗೆಯನ್ನೂ ಸಲ್ಲಿಸಿದನು. ನಿಜವಾದ ಅರಸನು ಪ್ರಜೆಯ ಪಕ್ಕದಲ್ಲಿ ನಿಂತನು!

ಪ್ರಿಯರೇ, ನಮ್ಮ ಸಭೆಗಳಲ್ಲಿ ಸಿಂಹಾಸನವಿಲ್ಲ. ಆದರೂ ಚಿಕ್ಕ ಅರಸರುಂಟು. ಕೂಲಿಯವನ ಮಗನ ಮದುವೆಗೆ ಸಭೆಯ ನಿಯಮವನ್ನು ಓದಿ ಹೇಳುತ್ತೇವೆ. ಹಿರಿಯನ ಮಗನ ಮದುವೆಯಲ್ಲಿ ಆ ಪುಸ್ತಕವನ್ನು ಮುಚ್ಚಿಡುತ್ತೇವೆ. ವಿಧವೆಯ ಕಾಣಿಕೆ ಬಾಕಿಯನ್ನು ಸಭೆಯ ಮುಂದೆ ಓದುತ್ತೇವೆ. ನಮ್ಮ ಬಾಕಿಯನ್ನು ಓದುವದಿಲ್ಲ. ಉಪದೇಶಿಗಳಾದ ನಾವೇ ಇದನ್ನು ಕಂಡು ಸುಮ್ಮನಿದ್ದೆವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ನಿಯಮವನ್ನು ಓದುವವನ ಹೆಸರು ಪಟ್ಟಿಯಲ್ಲಿ ಮೊದಲು ಬರಲಿ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ಅರಸನು ಧರ್ಮಶಾಸ್ತ್ರವನ್ನು ದಿನಾಲು ಓದಬೇಕಾದದ್ದು ಯಾಕೆ?

2. ಕರ್ತನು ಕೊಡಬೇಕಾಗಿಲ್ಲದ ತೆರಿಗೆಯನ್ನು ಕೊಟ್ಟದ್ದು ಯಾಕೆ?

3. ನಮ್ಮ ಸಭೆಯಲ್ಲಿ ನಿಯಮಕ್ಕೆ ಹೊರಗಾದವರು ಯಾರಾದರೂ ಇದ್ದಾರೋ? ಅವರಲ್ಲಿ ನಾವೂ ಒಬ್ಬರೋ?