ಹವಾಮಾನ ಬದಲಾವಣೆ ಮತ್ತು ಜನಮನೋಭಾವ

ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಇವೆಲ್ಲವೂ ಏಕೇಂದ್ರಿಯ ಜೀವಗಳೆಂದು ಜಿನಧರ್ಮವು ಸಾರಿದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಅನರ್ಥದಂಡವೆಂದು ಶ್ರಾವಕರು ಬಾಲ್ಯದಿಂದಲೇ ಕೇಳಿರುತ್ತಾರೆ. ಆದರೂ ಭೂಮಿಯ ತಾಪ ಏರುತ್ತಿದೆಯೆಂದಾಗ ಒಬ್ಬರು ಕಳವಳಗೊಂಡರೆ ಮತ್ತೊಬ್ಬರು ನಕ್ಕು ಸುಮ್ಮನಾಗುತ್ತಾರೆ. ಈ ಭೇದವು ವಿದ್ಯೆಯ ಹೆಚ್ಚು ಕಡಿಮೆಯಿಂದ ಮಾತ್ರ ಉಂಟಾದುದಲ್ಲ. ಪುಳಿಯಾರ್‌ಮಲೆಯ ಅನಂತನಾಥ ಬಸದಿ, ಸುಲ್ತಾನ್ ಬತ್ತೇರಿಯ ಪ್ರಾಚೀನ ಬಸದಿಗಳಿಂದ ಜೈನರಿಗೆ ಸುಪರಿಚಿತವಾದ ವಯನಾಡೇ ಇದಕ್ಕೆ ನಿದರ್ಶನ.

ಪ್ರೊ. ಮಾಧವ ಗಾಡ್ಗೀಳರ ಸಮಿತಿಯು ಪಶ್ಚಿಮ ಘಟ್ಟಗಳ ಕುರಿತ ವರದಿಯನ್ನು 2011ರಲ್ಲಿ ಕೇಂದ್ರ ಸರಕಾರಕ್ಕೆ ಒಪ್ಪಿಸಿತು. ಕಲ್ಲುಗಣಿ, ಕಟ್ಟಡಗಳಿಗೆ ಸೂಕ್ಷ್ಮ ಪ್ರದೇಶಗಳಲ್ಲಿ ಕಡಿವಾಣ ಬೇಕು, ಗ್ರಾಮಸಭೆಗಳ ಅಭಿಪ್ರಾಯ ಕೇಳಬೇಕು ಎಂಬುದು ಅದರ ಆಶಯ. ಇಂಗ್ಲಿಷಿನಲ್ಲಿದ್ದ ಆ ವರದಿ ಸಾರ್ವಜನಿಕರಿಗೆ ದೊರೆತದ್ದು 2012ರಲ್ಲಿ. ವರದಿ ತಲುಪದ ಮನೆಗೂ ವದಂತಿ ತಲುಪಿತು. ತೋಟ ಬಿಟ್ಟು ಹೊರಡಬೇಕಾದೀತೆಂಬ ಭೀತಿ ಹಬ್ಬಿತು. ಬಳಿಕ ಕಸ್ತೂರಿರಂಗನ್ ಸಮಿತಿಯು ಕೇರಳದ 123 ಗ್ರಾಮಗಳನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಲು, 2013ರ ನವೆಂಬರಿನಲ್ಲಿ ಬೆಟ್ಟಪ್ರದೇಶಗಳಲ್ಲಿ ಹರತಾಳಗಳಾದವು. ಆ ಜನರನ್ನು ಅಜ್ಞಾನಿಗಳೆಂದು ಹಳಿಯುವುದು ತರವಲ್ಲ. ಸಾಲ ಮಾಡಿ ಕಾಫಿ, ಮೆಣಸು ಬೆಳೆದವನಿಗೆ ಮೂವತ್ತು ವರ್ಷಗಳಾಚೆಯ ಆಪತ್ತಿಗಿಂತ ಬ್ಯಾಂಕಿನ ಮುಂದಿನ ಕಂತು ಸಮೀಪವಾದುದು.

ಅದೇ ಬೆಳೆಗಾರನು ಹೂಮಳೆಯ ವಿಷಯದಲ್ಲಿ ಬಹು ಸೂಕ್ಷ್ಮಮತಿ. ಫೆಬ್ರವರಿ, ಮಾರ್ಚ್ ತಿಂಗಳ ಮಳೆ ತಪ್ಪಿದರೆ ಕಾಫಿಯ ಹೂ ಸರಿಯಾಗಿ ಅರಳದು. ಕೊಯ್ಲಿನ ಹೊತ್ತಿಗೆ ಅಕಾಲ ಮಳೆಯಾದರೆ ಕಣದಲ್ಲಿ ಹರಡಿದ ಕಾಯಿ ಒಣಗದು. ತೇವ ಹೆಚ್ಚಿದ ಮಾಲಿಗೆ ಬೆಲೆ ಇಳಿಯುವುದು ವರ್ತಕರೆಲ್ಲ ಬಲ್ಲ ಸಂಗತಿ. ಹವಾಮಾನ ಬದಲಾವಣೆಯೆಂಬ ಪದವನ್ನು ಒಪ್ಪದವರೂ ಮಳೆಗಾಲ ಮೊದಲಿನಂತಿಲ್ಲವೆಂದು ಒಪ್ಪುತ್ತಾರೆ.

2018ರ ಪ್ರವಾಹ, 2019ರ ಪುತ್ತುಮಲ ಭೂಕುಸಿತಗಳ ತರುವಾಯ 2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲಗಳಲ್ಲಿ ನೂರಾರು ಜನರು ಮಡಿದರು. ತಾಪವೃದ್ಧಿಯಿಂದ ಆ ಮಳೆಯ ರಭಸ ಸುಮಾರು ಶೇ. 10ರಷ್ಟು ಹೆಚ್ಚಿತ್ತೆಂದು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಅಂದಾಜು ಮಾಡಿತು. ಆದರೆ ಕೆಲವರು ಕಲ್ಲುಗಣಿ, ರೆಸಾರ್ಟುಗಳನ್ನಷ್ಟೇ ದೂರಿದರೆ ಕೆಲವರು ಆಕಾಶವನ್ನಷ್ಟೇ ದೂರಿದರು. ತಮಗೆ ಅನುಕೂಲವಾದ ಒಂದು ಕಾರಣವನ್ನೇ ಹಿಡಿಯುವ ಇಂತಹ ದೃಷ್ಟಿಯೇ ಏಕಾಂತವಾದ.

ಕಲ್ಪೆಟ್ಟದ ಹ್ಯೂಮ್ ಕೇಂದ್ರದವರು ಬೆಳೆಗಾರರ ನೆರವಿನಿಂದ ಜಿಲ್ಲೆಯಾದ್ಯಂತ ಮಳೆಯನ್ನು ಅಳೆಯುತ್ತಾರೆ. ದೂರದ ನಗರದ ಅಂಕಿಯನ್ನು ಸಂಶಯಿಸುವವನೂ ತನ್ನ ಅಂಗಳದ ಮಾಪಕದ ಅಂಕಿಯನ್ನು ನಂಬುತ್ತಾನೆ. ದುರಂತದ ಹಿಂದಿನ ದಿನ ಆ ಕೇಂದ್ರವು ಎಚ್ಚರಿಕೆ ನೀಡಿದುದು ಇಂತಹ ಅಂಕಿಗಳ ಆಧಾರದಿಂದಲೇ.