ಕನ್ಸೋಲ್ ಮೊದಲು, ಟಿವಿ ಆಮೇಲೆ

ವಿಡಿಯೊ ಗೇಮ್‌ಗೆಂದು ಟಿವಿ, ಕನ್ಸೋಲ್ ಎರಡನ್ನೂ ಒಟ್ಟಿಗೆ ಬದಲಿಸುವ ಮನೆಗಳಲ್ಲಿ ಖರ್ಚಿನ ದೊಡ್ಡ ಪಾಲು ಕನ್ಸೋಲ್‌ಗೆ ಹೋಗುವುದಿಲ್ಲ. ಅದು ಟಿವಿಗೆ, ಟಿವಿಯ ಕಂತಿಗೆ, ಆಮೇಲೆ ವರ್ಷವಿಡೀ ಕೊಳ್ಳುವ ಗೇಮ್‌ಗಳಿಗೆ ಹೋಗುತ್ತದೆ. ಇಲ್ಲಿನ ಲೆಕ್ಕಕ್ಕೆ ಆಧಾರ ಬೆಂಗಳೂರಿನ ಒಂದು ಮನೆಯ 2024ರ ದೀಪಾವಳಿಯ ಬಿಲ್ಲುಗಳು, ಆ ಮನೆ ಈ ಅಂಕಣಕಾರರದೇ. ಆರಂಭದಲ್ಲಿ ತೆಗೆದಿಟ್ಟಿದ್ದು ಪ್ಲೇಸ್ಟೇಷನ್ 5 ಕನ್ಸೋಲಿನ ಬೆಲೆಯಾದ ₹54,990 ಮಾತ್ರ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಖರ್ಚಾಗಿದ್ದು ₹1,62,338, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು.

ಆ ಮೊತ್ತದಲ್ಲಿ 55 ಇಂಚಿನ ಟಿವಿಯದೇ ₹76,800. ಎರಡನೇ ಕಂಟ್ರೋಲರ್‌ಗೆ ₹5,990, ಗೋಡೆಯ ಬ್ರಾಕೆಟ್ ಮತ್ತು ಕೂರಿಸುವ ಕೂಲಿ ₹1,500, ಒಂದು ವರ್ಷದ ಪ್ಲೇಸ್ಟೇಷನ್ ಪ್ಲಸ್ ಚಂದಾ ₹6,699, ಮೂರು ಹೊಸ ಗೇಮ್‌ಗಳಿಗೆ ₹14,997, ಕಂತಿನ ಮೇಲಿನ ತೆರಿಗೆ ಮತ್ತು ಶುಲ್ಕ ₹1,362. ಕನ್ಸೋಲ್ ಕೊಳ್ಳುವ ಮಾತು ಬಂದ ಸಂಜೆ ಇವುಗಳಲ್ಲಿ ಒಂದರ ಪ್ರಸ್ತಾಪವೂ ಬಂದಿರಲಿಲ್ಲ. ಬರಬೇಕಿತ್ತು, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಬಹುದಾದ ಖರ್ಚುಗಳು.

ಕನ್ಸೋಲಿನ ಬೆಲೆಯ ನಡೆ ಬೇರೆ ಎಲೆಕ್ಟ್ರಾನಿಕ್ ಸಾಮಾನಿನಂತಿಲ್ಲ. ಪ್ಲೇಸ್ಟೇಷನ್ 4 ಭಾರತಕ್ಕೆ ಬಂದದ್ದು 2014ರ ಜನವರಿಯಲ್ಲಿ, ₹39,990ಕ್ಕೆ. ಪ್ಲೇಸ್ಟೇಷನ್ 5 ಬಂದದ್ದು 2021ರ ಫೆಬ್ರುವರಿ 2ರಂದು. ಡಿಸ್ಕ್ ಮಾದರಿಗೆ ₹49,990, ಡಿಜಿಟಲ್ ಮಾದರಿಗೆ ₹39,990. ಹಳತಾದ ಕನ್ಸೋಲ್ ಅಗ್ಗವಾಗಬೇಕು ಎಂಬುದು ಅದುವರೆಗಿನ ವಾಡಿಕೆ. ಇದು ಹಾಗಾಗಲಿಲ್ಲ. 2022ರ ನವೆಂಬರ್‌ನಲ್ಲಿ ಸೋನಿ ಎರಡೂ ಮಾದರಿಗಳ ಬೆಲೆಯನ್ನು ಐದೈದು ಸಾವಿರ ಏರಿಸಿತು. 2024ರ ಏಪ್ರಿಲ್‌ನಲ್ಲಿ ಬಂದ ಸ್ಲಿಮ್ ಮಾದರಿಯೂ ಅದೇ ₹54,990 ಮತ್ತು ₹44,990ರಲ್ಲಿ ನಿಂತಿತು. ಹಬ್ಬದ ಮಾರಾಟದಲ್ಲಿ ಕೆಲವು ಸಾವಿರ ಇಳಿಯುವುದುಂಟು, ಆದರೆ ಕಾದವರಿಗೆ ಕನ್ಸೋಲ್ ಅಗ್ಗವಾಗಿ ಸಿಗುತ್ತದೆ ಎಂಬ ನಂಬಿಕೆಗೆ ಈ ಪೀಳಿಗೆಯಲ್ಲಿ ಆಧಾರವಿಲ್ಲ. 2024ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿ ಬಿಡುಗಡೆಯಾದ ಪ್ರೊ ಮಾದರಿ ಆಗ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲಿಲ್ಲ. ಅದರ ವೈಫೈ ಬಳಸುವ ತರಂಗಪಟ್ಟಿಗೆ ಇಲ್ಲಿ ಅನುಮತಿ ಇರಲಿಲ್ಲ. ಹೊರಗಿನಿಂದ ತರಿಸಿಕೊಟ್ಟವರ ಹತ್ತಿರ ಕೊಂಡರೆ ಇಲ್ಲಿನ ವಾರಂಟಿಯನ್ನು ಮರೆಯಬೇಕಾಗುತ್ತದೆ.

2024ರಲ್ಲಿ ಡಿಸ್ಕ್ ಮಾದರಿಗಿದ್ದ ಹತ್ತು ಸಾವಿರದ ಹೆಚ್ಚುವರಿಗೆ ಸರಳ ಲೆಕ್ಕವಿದೆ. ₹4,999ರ ಡಿಸ್ಕನ್ನು ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದರೂ ನಾಲ್ಕು ಗೇಮ್‌ಗಳಲ್ಲಿ ಆ ವ್ಯತ್ಯಾಸ ವಸೂಲಾಗುತ್ತದೆ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಡಿಸ್ಕ್‌ಗಳ ಸೆಕೆಂಡ್‌ಹ್ಯಾಂಡ್ ವ್ಯಾಪಾರ, ಅದಲುಬದಲು ವರ್ಷಗಳಿಂದ ನಡೆದಿದೆ. ಡಿಜಿಟಲ್ ಆಗಿ ಕೊಂಡ ಗೇಮ್‌ಗೆ ಮರುಮಾರಾಟ ಎಂಬುದೇ ಇಲ್ಲ. ಮುಗಿಸಿದ ಗೇಮ್ ಮಾರುವ ರೂಢಿ ಇಲ್ಲದ ಮನೆಗೆ ಡಿಸ್ಕ್ ಮಾದರಿ ಬೇಕಿಲ್ಲ.

ಖರ್ಚು ಕೈಮೀರುವುದು ಟಿವಿಯ ಹಂತದಲ್ಲಿ. ಹೊಸ ಕನ್ಸೋಲ್ 4ಕೆ, 120 ಹರ್ಟ್ಸ್, ವಿಆರ್‌ಆರ್ (ಫ್ರೇಮಿಗೆ ತಕ್ಕಂತೆ ಬದಲಾಗುವ ರಿಫ್ರೆಶ್ ದರ) ಎಲ್ಲವನ್ನೂ ಕೊಡಬಲ್ಲದು. ಹಾಗಾಗಿ ಟಿವಿಗೂ ಅವೆಲ್ಲ ಇರಲೇಬೇಕು ಎಂಬ ತರ್ಕ ಅಂಗಡಿಯಲ್ಲಿ ಬಹಳ ಬೇಗ ಒಪ್ಪಿಗೆಯಾಗಿಬಿಡುತ್ತದೆ. ಈ ಮನೆಯಲ್ಲಿ ಮೊದಲೇ ಇದ್ದದ್ದು 43 ಇಂಚಿನ 4ಕೆ, 60 ಹರ್ಟ್ಸ್ ಟಿವಿ. ಅದರ ಎಚ್‌ಡಿಎಂಐ 2.0 ಪೋರ್ಟ್ ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಹೊರುತ್ತದೆ, 4ಕೆ 60ಕ್ಕೆ ಅಷ್ಟು ಸಾಕು. 4ಕೆ 120 ಬೇಕಾದರೆ ಮಾತ್ರ ಎಚ್‌ಡಿಎಂಐ 2.1 ಬೇಕು. ಪ್ಲೇಸ್ಟೇಷನ್ 5ರ ಬಹುಪಾಲು ಗೇಮ್‌ಗಳು ಓಡುವುದು ಸೆಕೆಂಡಿಗೆ 30 ಅಥವಾ 60 ಫ್ರೇಮಿನಲ್ಲಿ. ಎಲ್ಡೆನ್ ರಿಂಗ್ 60 ದಾಟುವುದೇ ಇಲ್ಲ. 120 ಹರ್ಟ್ಸ್ ಪರದೆಯ ನಿಜವಾದ ಲಾಭ ಕಾಣುವುದು ಕೆಲವೇ ಕಡೆ. ರ್‍ಯಾಚೆಟ್ ಆಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್, ಸ್ಪೈಡರ್‌ಮ್ಯಾನ್ 2ರಂಥ ಗೇಮ್‌ಗಳಲ್ಲಿ 40 ಫ್ರೇಮಿನ ಆಯ್ಕೆ ಇದೆ, 120ನ್ನು 40 ನಿಶ್ಶೇಷವಾಗಿ ಭಾಗಿಸುತ್ತದೆ, 60ನ್ನು ಭಾಗಿಸುವುದಿಲ್ಲ, ಆದ್ದರಿಂದ ಅದಕ್ಕೆ 120 ಹರ್ಟ್ಸ್ ಪರದೆಯೇ ಆಗಬೇಕು. ಅದು ಚೆನ್ನಾಗಿಯೇ ಇದೆ. ಆದರೆ ಅದಕ್ಕೆ ತೆತ್ತದ್ದು ಮುಕ್ಕಾಲು ಲಕ್ಷಕ್ಕೂ ಹೆಚ್ಚು.

ಪರದೆಯ ಗಾತ್ರಕ್ಕೂ ಸೋಫಾದ ದೂರಕ್ಕೂ ಇರುವ ಸಂಬಂಧವನ್ನು ಟೇಪ್ ಹಿಡಿದು ಅಳೆಯಬಹುದು. 55 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿ ಪಿಕ್ಸೆಲ್‌ಗಳು ಸಾಮಾನ್ಯ ದೃಷ್ಟಿಗೆ ಬಿಡಿಬಿಡಿಯಾಗಿ ಕಾಣಬೇಕಾದರೆ ಸುಮಾರು ಏಳು ಅಡಿಗಿಂತ ಹತ್ತಿರ ಕೂರಬೇಕು. ಈ ಮನೆಯ ಸೋಫಾ ಇರುವುದು ಒಂಬತ್ತು ಅಡಿ ದೂರದಲ್ಲಿ. ಅಷ್ಟು ದೂರದಿಂದ 4ಕೆಯ 82 ಲಕ್ಷ ಪಿಕ್ಸೆಲ್‌ಗೂ ಫುಲ್ ಎಚ್‌ಡಿಯ 20 ಲಕ್ಷಕ್ಕೂ ಕಣ್ಣು ಗುರುತಿಸುವ ಅಂತರ ತೀರ ಕಡಿಮೆ. ಕಾಣುವ ಸುಧಾರಣೆ ಬರುವುದು ಪರದೆ ದೊಡ್ಡದಾದದ್ದರಿಂದ, ಎಚ್‌ಡಿಆರ್ ಬೆಳಕಿನಿಂದ.

120 ಹರ್ಟ್ಸ್ ಎಂದು ಪೆಟ್ಟಿಗೆಯ ಮೇಲೆ ಅಚ್ಚಾದ ಅಗ್ಗದ ಟಿವಿಗಳ ವಿಷಯದಲ್ಲಿ ಯಾವ ಔದಾರ್ಯವೂ ಬೇಡ. ಎಷ್ಟೋ ಮಾದರಿಗಳಲ್ಲಿ ಪ್ಯಾನೆಲ್ ಇರುವುದು 60 ಹರ್ಟ್ಸಿನದೇ; ‘ಮೋಷನ್’ ಎಂಬ ಪದವನ್ನು ಹಿಂದೋ ಮುಂದೋ ಸೇರಿಸಿ 120 ಎಂಬ ಅಂಕಿ ಹಾಕಿರುತ್ತಾರೆ. ಕನ್ಸೋಲ್ ಕಳಿಸುವ ಒಂದೇ ಒಂದು ಹೆಚ್ಚಿನ ಫ್ರೇಮನ್ನೂ ಅವು ತೋರಿಸಲಾರವು. ಇನ್ನು ಕೆಲವು ಮಾದರಿಗಳು 120ನ್ನು ತೋರಿಸುತ್ತವೆ, ಆದರೆ ಲಂಬವಾದ ರೆಸಲ್ಯೂಷನ್ ಅರ್ಧಕ್ಕಿಳಿಸಿ. ಅಂದರೆ ಖರೀದಿದಾರ 4ಕೆಗೂ ದುಡ್ಡು ಕೊಟ್ಟಿರುತ್ತಾನೆ, 120ಕ್ಕೂ ಕೊಟ್ಟಿರುತ್ತಾನೆ, ಎರಡೂ ಒಟ್ಟಿಗೆ ಅವನಿಗೆ ಸಿಗುವುದೇ ಇಲ್ಲ. ಗೇಮ್ ಆಡುವವರಿಗೇ ಮಾರುವ ಸಾಮಾನಿನಲ್ಲಿ ಈ ಮರೆಮಾಚುವಿಕೆ ಅಕ್ಷಮ್ಯ. ಕೇಳಬೇಕಾದ್ದು ಒಂದೇ ಪ್ರಶ್ನೆ: ಪ್ಯಾನೆಲಿನ ನೇಟಿವ್ ರಿಫ್ರೆಶ್ ರೇಟ್ ಎಷ್ಟು? ಸೇಲ್ಸ್‌ನವರ ಬಾಯುತ್ತರ ಸಾಲದು. ಟಿವಿಯನ್ನು ತಿರುಗಿಸಿ ನೋಡಿದರೆ ಅನೇಕ ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟಿನ ಪಕ್ಕದಲ್ಲೇ 4ಕೆ 120 ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಂಥ ಪೋರ್ಟು ಎರಡೇ ಇದ್ದು, ಅವುಗಳಲ್ಲೊಂದು ಇ-ಆರ್ಕ್ (ಸೌಂಡ್‌ಬಾರ್‌ಗೆ ಧ್ವನಿ ಕಳಿಸುವ ಪೋರ್ಟು) ಕೂಡ ಆಗಿದ್ದರೆ, ಸೌಂಡ್‌ಬಾರ್ ಇರುವ ಮನೆಯಲ್ಲಿ ಕನ್ಸೋಲ್‌ಗೆ ಉಳಿಯುವುದು ಒಂದೇ.

ಕಂತಿನ ಲೆಕ್ಕವನ್ನು ಸಾವಧಾನವಾಗಿ ಬಿಡಿಸುವುದು ಅಗತ್ಯ. ₹76,800ರ ಟಿವಿಗೆ 12 ತಿಂಗಳ ನೋ ಕಾಸ್ಟ್ ಇಎಂಐ, ತಿಂಗಳಿಗೆ ₹6,400. ಹನ್ನೆರಡು ಸಲ 6,400 ಅಂದರೆ ಸರಿಯಾಗಿ 76,800. ಹಾಗಾಗಿ ಬಡ್ಡಿಯೇ ಇಲ್ಲ ಎನ್ನಿಸುತ್ತದೆ. ಒಳಗೆ ನಡೆಯುವುದು ಬೇರೆ. ಬ್ಯಾಂಕಿನ ದರ ವರ್ಷಕ್ಕೆ ಶೇ 16. ಆ ದರದಲ್ಲಿ ತಿಂಗಳಿಗೆ ₹6,400ರಂತೆ 12 ಕಂತಿನಲ್ಲಿ ತೀರುವ ಸಾಲದ ಅಸಲು ₹70,538. ಉಳಿದ ₹6,262 ಬಡ್ಡಿ. ಮಾರುವವರು ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ಕಳೆಯುತ್ತಾರೆ, ಬ್ಯಾಂಕು ಅದನ್ನೇ ಬಡ್ಡಿಯಾಗಿ ವಸೂಲು ಮಾಡುತ್ತದೆ. ಬಡ್ಡಿ ಎಂದು ದಾಖಲಾದ ಮೇಲೆ ಅದಕ್ಕೆ ಶೇ 18ರ ಜಿಎಸ್‌ಟಿ ಬೀಳುತ್ತದೆ: ₹1,127. ಪ್ರೊಸೆಸಿಂಗ್ ಶುಲ್ಕ ₹199, ಅದರ ಮೇಲೂ ಜಿಎಸ್‌ಟಿ, ಒಟ್ಟು ₹235. ಮೊದಲ ತಿಂಗಳ ಬಡ್ಡಿ ₹940, ಅದರ ತೆರಿಗೆ ₹169. ಆದ್ದರಿಂದ ಮೊದಲ ಸ್ಟೇಟ್‌ಮೆಂಟ್‌ನಲ್ಲಿ ಕಂಡ ಮೊತ್ತ 6,400 ಅಲ್ಲ, 6,804.

ಇಷ್ಟೇ ಆಗಿದ್ದರೆ ₹1,362ಕ್ಕೆ ಒಂದು ವರ್ಷದ ಅವಕಾಶ ಸಿಕ್ಕಿತೆಂದು ಸುಮ್ಮನಿರಬಹುದಿತ್ತು. ಆದರೆ ಅದೇ ಅಂಗಡಿ ಪೂರ್ತಿ ಹಣ ಒಮ್ಮೆಗೇ ಕಟ್ಟಿದರೆ ₹4,000 ಬಿಡುತ್ತಿತ್ತು, ಕಂತಿಗೆ ಆ ರಿಯಾಯಿತಿ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಹೋಲಿಸಬೇಕಾದ ಎರಡು ಮೊತ್ತಗಳು ₹72,800 ಮತ್ತು ₹78,162. ವ್ಯತ್ಯಾಸ ₹5,362. ಇದನ್ನು 72,800ರಿಂದ ಭಾಗಿಸಿ ಶೇ 7.4 ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಅಸಲು ತಿಂಗಳು ತಿಂಗಳೂ ಕರಗುತ್ತಾ ಹೋಗುವುದರಿಂದ ವರ್ಷದ ಸರಾಸರಿಯಲ್ಲಿ ಸಾಲವಾಗಿ ಕೈಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಅರ್ಧ ಮೊತ್ತ ಮಾತ್ರ. ಆ ಲೆಕ್ಕದಲ್ಲಿ ನಿಜವಾದ ಬಡ್ಡಿ ವರ್ಷಕ್ಕೆ ಶೇ 13 ದಾಟುತ್ತದೆ. ಶೇ 7ರ ಠೇವಣಿಯನ್ನು ಹಾಗೇ ಇಟ್ಟುಕೊಂಡು ಶೇ 13ರ ಸಾಲ ಮಾಡಿದಂತಾಯಿತು. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಹೆಸರು ಬದಲಾಗಿದೆ, ಬಡ್ಡಿ ಬದಲಾಗಿಲ್ಲ.

ಟಿವಿಯನ್ನು ಮುಂದೂಡಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಅಂಕಿಗಳಿವೆ. 32 ಇಂಚು ಮೀರಿದ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿಯಿತು. ₹76,800ರಲ್ಲಿ ತೆರಿಗೆ ಬಿಟ್ಟು ಮೂಲ ಬೆಲೆ ₹60,000. ಶೇ 18 ಸೇರಿಸಿದರೆ ₹70,800. ಮಾದರಿ ಹಳತಾಗಿ ಮೂಲ ಬೆಲೆ ಇಳಿಯುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ತೆರಿಗೆಯೊಂದರಲ್ಲೇ ಆರು ಸಾವಿರ ಉಳಿಯುತ್ತಿತ್ತು. 2024ರ ದೀಪಾವಳಿಯಿಂದ ತಿಂಗಳಿಗೆ ₹6,000ದಂತೆ ಆರ್‌ಡಿ ಕಟ್ಟಿದ್ದರೆ ಮುಂದಿನ ದೀಪಾವಳಿಗೆ ಅಸಲೇ ₹72,000 ಆಗುತ್ತಿತ್ತು. ಕಂತಿಗಿಂತ ಕಡಿಮೆ ಹಣ, ಅದೇ ಟಿವಿ, ಸಾಲವಿಲ್ಲ. ತೆರಿಗೆ ಇಳಿಯುವುದು ಮೊದಲೇ ಯಾರಿಗೂ ಗೊತ್ತಿರಲಿಲ್ಲ, ನಿಜ. ಟಿವಿಯ ಬೆಲೆ ಕಾದಷ್ಟೂ ಇಳಿಯುತ್ತದೆ ಎಂಬುದಂತೂ ಎಲ್ಲರಿಗೂ ಗೊತ್ತಿರುವುದೇ. ಕನ್ಸೋಲಿನ ಮೇಲಿನ ತೆರಿಗೆ 2019ರಿಂದಲೇ ಶೇ 18 ಇರುವುದರಿಂದ ಈ ಇಳಿಕೆಯಿಂದ ಅದಕ್ಕೇನೂ ಸಿಗಲಿಲ್ಲ. ಕನ್ಸೋಲನ್ನು ಮೊದಲು ಕೊಂಡು ಹಳೆಯ ಟಿವಿಗೇ ಸಿಕ್ಕಿಸಿ ಒಂದು ವರ್ಷ ಆಡುವುದೇ ಸರಿಯಾದ ಕ್ರಮ ಎನ್ನುವುದು ಇದೇ ಕಾರಣಕ್ಕೆ.

ಗೇಮ್‌ಗಳ ಖರ್ಚು ಅಂಕಿಗಿಂತ ಹೆಚ್ಚಾಗಿ ಅಭ್ಯಾಸದ ವಿಷಯ. ಬಿಡುಗಡೆಯ ವಾರದಲ್ಲೇ ಕೊಳ್ಳುವುದು ಅತಿ ದುಬಾರಿ ಅಭ್ಯಾಸ. ಆರು ತಿಂಗಳು ತಡೆದರೆ ಅದೇ ಗೇಮ್ ಸೇಲ್‌ನಲ್ಲಿ ಬಹಳ ಕಡಿಮೆಗೆ ಬರುವುದು ಸಾಮಾನ್ಯ, ಅಷ್ಟರಲ್ಲಿ ದೋಷಗಳೂ ಸರಿಯಾಗಿರುತ್ತವೆ. ಈ ಮನೆಯ ಮೂರು ಡಿಸ್ಕ್‌ಗಳಲ್ಲಿ ಒಂದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಕೈಯಲ್ಲಿರುವುದು ಮುಗಿಯದೆ ಹೊಸದನ್ನು ಕೊಳ್ಳಬಾರದು. ಮಕ್ಕಳಿಗೂ ಈ ನಿಯಮ ಮೊದಲ ದಿನವೇ ಹೇಳಬೇಕು, ದೊಡ್ಡವರೂ ಅದಕ್ಕೆ ಬದ್ಧರಾಗಿರಬೇಕು. ಚಂದಾದ ವಿಷಯದಲ್ಲೂ ಅಷ್ಟೇ. ಪ್ಲೇಸ್ಟೇಷನ್ ಪ್ಲಸ್‌ನ ಕೆಳಹಂತದ ವಾರ್ಷಿಕ ಶುಲ್ಕ 2023ರ ಸೆಪ್ಟೆಂಬರ್‌ನಲ್ಲಿ ₹2,999ರಿಂದ ₹3,949ಕ್ಕೆ ಏರಿತು, ಎಕ್ಸ್‌ಟ್ರಾ ಹಂತ ₹6,699 ಆಯಿತು. ಎಕ್ಸ್‌ಟ್ರಾದ ಪಟ್ಟಿಯಲ್ಲಿ ನೂರಾರು ಗೇಮ್‌ಗಳಿವೆ. ಅದನ್ನು ತೆಗೆದುಕೊಂಡವರು ಬೇರೆ ಗೇಮ್ ಕೊಳ್ಳುವುದನ್ನು ನಿಲ್ಲಿಸಿದರೆ ಮಾತ್ರ ಅದು ಉಳಿತಾಯ, ಇಲ್ಲವಾದರೆ ಇನ್ನೊಂದು ಖರ್ಚು. ಫೋರ್ಟ್‌ನೈಟ್‌ನಂಥ ಉಚಿತ ಗೇಮ್‌ಗಳನ್ನು ಆನ್‌ಲೈನ್ ಆಡಲು ಚಂದಾ ಬೇಕಾಗಿಯೇ ಇಲ್ಲ.

ವಿದ್ಯುತ್ತಿನ ಬಿಲ್ ಸಾಮಾನ್ಯವಾಗಿ ದೊಡ್ಡ ಮೊತ್ತವಲ್ಲ, ಆದರೆ ಕರ್ನಾಟಕದಲ್ಲಿ ಒಂದು ಗಡಿ ಇದೆ. ಭಾರಿ ಗೇಮ್ ಓಡುವಾಗ ಕನ್ಸೋಲ್ ಸುಮಾರು 200 ವಾಟ್ ಎಳೆಯುತ್ತದೆ, 55 ಇಂಚಿನ ಟಿವಿ 120ರ ಆಸುಪಾಸು. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 29 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಡಿ 185 ಯೂನಿಟ್ ಬಳಸಿಕೊಂಡು ಶೂನ್ಯ ಬಿಲ್ ಪಡೆಯುತ್ತಿದ್ದ ಮನೆ ಇದರಿಂದ ಯೋಜನೆಯ ಮಿತಿಯಾದ 200 ದಾಟುತ್ತದೆ. ದಾಟಿದ ತಿಂಗಳು ಹೆಚ್ಚಾದ ಕೆಲವು ಯೂನಿಟ್‌ಗಳಿಗಷ್ಟೇ ಅಲ್ಲ, ಇಡೀ ಬಿಲ್ ಕಟ್ಟಬೇಕು. ನಿಗದಿತ ಶುಲ್ಕ, ತೆರಿಗೆ ಸೇರಿ ಅದು ಒಂದೂವರೆ ಸಾವಿರದಷ್ಟಾಗುತ್ತದೆ. ಬೇಸಿಗೆ ರಜೆಯಲ್ಲಿ, ಫ್ಯಾನುಗಳೂ ಓಡುವ ತಿಂಗಳುಗಳಲ್ಲಿ, ಮೀಟರ್ ಮೇಲೆ ಕಣ್ಣಿಡುವುದು ಒಳ್ಳೆಯದು.

ಒಬ್ಬರೇ ಆಡುವ ಮನೆಗೆ 27 ಇಂಚಿನ 1440ಪಿ ಮಾನಿಟರ್ ಸಾಕಾಗಬಹುದು. ಪ್ಲೇಸ್ಟೇಷನ್ 5 ಅದಕ್ಕೆ 2022ರ ಸೆಪ್ಟೆಂಬರ್‌ನಿಂದ ನೇರ ಬೆಂಬಲ ಕೊಟ್ಟಿದೆ, ಬೆಲೆಯೂ ದೊಡ್ಡ ಟಿವಿಗಿಂತ ಬಹಳ ಕಡಿಮೆ. ಸ್ಟೋರೇಜ್ ವಿಸ್ತರಣೆ ಮೊದಲ ವರ್ಷ ಬೇಕಿಲ್ಲ. ಸ್ಲಿಮ್ ಮಾದರಿಯಲ್ಲಿ ಒಂದು ಟೆರಾಬೈಟ್ ಇದೆ, ಮುಗಿಸಿದ ಗೇಮ್ ಅಳಿಸಿದರೆ ಜಾಗವಾಗುತ್ತದೆ.

ಉಳಿಯುವುದು ಹಳೆಯ ಟಿವಿಯ ಪ್ರಶ್ನೆ. ಹಬ್ಬದ ವಿನಿಮಯ ಕೊಡುಗೆಯಲ್ಲಿ 43 ಇಂಚಿನ 4ಕೆ ಟಿವಿಗೆ ಅಂಗಡಿ ಹೇಳಿದ ಬೆಲೆ ₹4,000. ಅದನ್ನು ಒಪ್ಪಿದರೆ ಬೇರೆ ರಿಯಾಯಿತಿಗಳು ಸಿಗುವಂತಿರಲಿಲ್ಲ. ಕೆಲಸ ಮಾಡುತ್ತಿರುವ 4ಕೆ ಟಿವಿಗೆ ಅದು ಬೆಲೆಯೇ ಅಲ್ಲ. ನೇರವಾಗಿ ಮಾರಿದರೆ ಹೆಚ್ಚು ಬರುತ್ತದೆ, ಮಾರದೆ ಇಟ್ಟುಕೊಂಡರೆ ಕನ್ಸೋಲನ್ನು ಅದಕ್ಕೇ ಸಿಕ್ಕಿಸಬಹುದು, ಹಾಲ್‌ನ ಟಿವಿ ಉಳಿದವರಿಗೆ ಬಿಡುವಾಗುತ್ತದೆ. ಈ ಮನೆಯಲ್ಲಿ ಈಗ ಆಗಿರುವುದೂ ಅದೇ: ಗೇಮ್ ನಡೆಯುವುದು ಬಹುಮಟ್ಟಿಗೆ ಕೋಣೆಯ 43 ಇಂಚಿನ ಟಿವಿಯಲ್ಲಿ, 60 ಹರ್ಟ್ಸಿನಲ್ಲಿ.