ನೀಲಗಾರರ ಮೇಳ: ಒಂದು ಇರುಳಿನ ಪಾಠ

ಮಂಡ್ಯದ ಸೀಮೆಯವರಾದ ನಮಗೆ ತಂಬೂರಿಯ ದನಿ ಹೊಸದಲ್ಲ. ಬಾಲ್ಯದಲ್ಲಿ ಬಾಗಿಲಿಗೆ ಬಂದ ನೀಲಗಾರರ ಜೋಳಿಗೆಗೆ ಅಜ್ಜಿಯ ಮಾತಿನಂತೆ ಒಂದು ಮೊರ ರಾಗಿ ಸುರಿದು ಒಳಗೆ ಓಡಿದವರೇ ನಮ್ಮಲ್ಲಿ ಹೆಚ್ಚು. ಆದರೆ ಅವರು ಹಾಡುತ್ತಿದ್ದುದು ಏನೆಂದು ಕೇಳಿದವರು ವಿರಳ. ಪಂಪ ರನ್ನರನ್ನು ಪರೀಕ್ಷೆಗಾಗಿ ಓದುವ ನಾವು, ನಮ್ಮ ಜಗುಲಿಯ ಮುಂದೆಯೇ ಒಂದು ಮಹಾಕಾವ್ಯ ನಿಂತಿತ್ತೆಂಬುದನ್ನು ಅರಿಯದೆ ಹೋದೆವು. ಅದರ ಪರಿಚಯವನ್ನು ಯಥಾಶಕ್ತಿ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ನೀಲಗಾರರು ಮಂಟೇಸ್ವಾಮಿಯ ಪರಂಪರೆಗೆ ಸೇರಿದ ಗಾಯಕರು. ದೀಕ್ಷೆ ಪಡೆದು ಹಾಡುವವರು. ಅವರಲ್ಲಿ ದಲಿತರೇ ಅಧಿಕ. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರಿಗೆ ಕಂಸಾಳೆ ಹೇಗೋ ಇವರಿಗೆ ತಂಬೂರಿ ಹಾಗೆ. ಮುಖ್ಯ ಗಾಯಕನ ಒಂದು ಕೈಯಲ್ಲಿ ತಂಬೂರಿ, ಇನ್ನೊಂದು ಕೈಯಲ್ಲಿ ಗಗ್ಗರ. ಗಗ್ಗರವೆಂದರೆ ಒಳಗೆ ಹರಳು ತುಂಬಿದ ಟೊಳ್ಳು ಲೋಹದ ಬಳೆ. ಹಿಮ್ಮೇಳದವರ ಬಳಿ ದಮ್ಮಡಿ, ತಾಳ. ಇಷ್ಟೇ ಪರಿಕರ.

ಕಥೆಯು 'ಸಾಲು'ಗಳಾಗಿ ವಿಂಗಡವಾಗಿದೆ. ಮಂಟೇಸ್ವಾಮಿಯು ಕಲ್ಯಾಣಕ್ಕೆ ಹೋಗಿ ಅಲ್ಲಿಯ ಶರಣರನ್ನು ಪರೀಕ್ಷಿಸುವುದು ಕಲ್ಯಾಣದ ಸಾಲು. ಅನಂತರ ಆತನು ದಕ್ಷಿಣಕ್ಕೆ ಬರುತ್ತಾನೆ. ಇಲ್ಲಿಂದ ಮುಂದೆ ಕಥೆ ನಡೆಯುವುದು ನಮ್ಮ ಬಸ್ಸುಗಳು ಓಡಾಡುವ ಊರುಗಳಲ್ಲಿಯೇ. ಮದ್ದೂರು ತಾಲ್ಲೂಕಿನ ನಿಡುಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿಯು ಶಿಷ್ಯನಾಗಿ ಸಿದ್ದಪ್ಪಾಜಿಯೆನಿಸುತ್ತಾನೆ. ಗುರುವು ಅವನನ್ನು ಕಬ್ಬಿಣದ ಭಿಕ್ಷೆಗೆಂದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಳುಹಿಸುತ್ತಾನೆ. ಅಲ್ಲಿಯ ಪಾಂಚಾಳರು ಭಿಕ್ಷೆ ನೀಡಲೊಲ್ಲದೆ ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರವೂ ಇದೇ ತಾಲ್ಲೂಕಿನಲ್ಲಿದೆ. ಸಿದ್ದಪ್ಪಾಜಿಯ ಜಾತ್ರೆಯು ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಯ ಸುಮಾರಿಗೆ ನೆರೆಯುತ್ತದೆ.

ಈ ಮೇಳವನ್ನು ನಾನು ಎರಡು ಬಾರಿ ಕೇಳಿದೆ. ಮೊದಲನೆಯದು ಪಟ್ಟಣದ ಒಂದು ಸಭಾಂಗಣದ ಸಂಜೆಯ ಕಾರ್ಯಕ್ರಮ. ಸೋಬಾನೆ, ಕೋಲಾಟ, ತತ್ವಪದಗಳ ನಡುವೆ ನೀಲಗಾರರಿಗೆ ದೊರೆತುದು ಹದಿನೈದು ನಿಮಿಷ. ಸಿದ್ದಪ್ಪಾಜಿ ಹಲಗೂರಿನ ದಾರಿ ಹಿಡಿಯುವಷ್ಟರಲ್ಲಿ ಸಮಯವಾಯಿತೆಂದು ಚೀಟಿ ಬಂದಿತು. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು. ಸಿದ್ದಪ್ಪಾಜಿ ಮಾತ್ರ ಹಲಗೂರು ಸೇರಲಿಲ್ಲ.

ಅಂದು ಹಿಮ್ಮೇಳದಲ್ಲಿ ದಮ್ಮಡಿ ಹಿಡಿದು ಕುಳಿತಿದ್ದವನನ್ನು ಕಂಡು ನಾನು ಬೆರಗಾದೆ. ಅವನು ನನ್ನ ಸಹಪಾಠಿ! ಮರುದಿನ ವಿಚಾರಿಸಿದಾಗ ತಲೆ ತಗ್ಗಿಸಿ, "ಕಾಲೇಜಿನಲ್ಲಿ ಯಾರಿಗೂ ಹೇಳಬೇಡಪ್ಪ. ಜೋಳಿಗೆಯವನ ಮಗ ಅಂತಾರೆ" ಎಂದನು. ತುಸು ಹೊತ್ತಿನ ಮೇಲೆ ತಾನಾಗಿಯೇ, "ಪೂರಾ ಕೇಳಬೇಕಾದರೆ ನಮ್ಮೂರಿಗೆ ಬಾ" ಎಂದು ಕರೆದನು.

ಮಳವಳ್ಳಿಯ ಕಡೆಯ ಆ ಊರಿನಲ್ಲಿ ರಾತ್ರಿ ಊಟವಾದ ಮೇಲೆ ಹರಕೆಯ ಮನೆಯ ಮುಂದೆ ಚಾಪೆ ಹಾಸಿದರು. ಮಿತ್ರನ ತಂದೆಯವರು ತಂಬೂರಿ ಶ್ರುತಿ ಮಾಡಿದರು. ಅವರು ಒಂದು ನುಡಿ ಹಾಡಿದೊಡನೆ ಹಿಮ್ಮೇಳದವರು ಸೊಲ್ಲು ಹಿಡಿಯುವರು. ಆ ಹೊತ್ತಿನಲ್ಲಿ ಮುಖ್ಯ ಗಾಯಕನಿಗೆ ಉಸಿರಾಡಲು ಬಿಡುವು, ಮುಂದಿನ ನುಡಿಯನ್ನು ನೆನೆಯಲು ಅವಕಾಶ. ಬರಹದ ನೆರವಿಲ್ಲದೆ ಬೆಳಗಿನವರೆಗೆ ಹಾಡುವುದು ಸಾಧ್ಯವಾಗುವುದು ಈ ಏರ್ಪಾಡಿನಿಂದಲೇ. ನಡುನಡುವೆ ಹಾಡು ನಿಂತು ಮಾತು ಬರುವುದು. ಕೇಳುವವರು "ಹೂಂ" ಎನ್ನುವರು. ಅವರು ತೂಕಡಿಸಿದರೆ ಗಾಯಕರು ಕಥೆಯನ್ನು ಚುರುಕುಗೊಳಿಸುವರು. ಕಣ್ಣೊರೆಸಿಕೊಂಡರೆ ಅಲ್ಲಿಯೇ ತಂಗುವರು. ಆದುದರಿಂದ ಒಂದು ರಾತ್ರಿಯ ಕಾವ್ಯ ಮತ್ತೊಂದು ರಾತ್ರಿಯದಲ್ಲ.

ಕೋಳಿ ಕೂಗುವ ಮುನ್ನ ಸಿದ್ದಪ್ಪಾಜಿ ಹಲಗೂರು ತಲುಪಿದನು. ಕಮ್ಮಾರರಲ್ಲಿ ಹುಟ್ಟಿದವನು ಕಮ್ಮಾರರ ಬಾಗಿಲಲ್ಲಿಯೇ ಕೈಯೊಡ್ಡಿ ನಿಂತು ಅವಮಾನ ಪಡುವ ಭಾಗವದು. ನನ್ನ ಮಿತ್ರನು ಕಣ್ಣು ಮುಚ್ಚಿ, ಎಲ್ಲರಿಗಿಂತ ಗಟ್ಟಿಯಾಗಿ ಸೊಲ್ಲು ಹಿಡಿದಿದ್ದನು. ಜೋಳಿಗೆಯನ್ನು ಕುರಿತು ಅವನಲ್ಲಿ ಆಗ ನಾಚಿಕೆಯ ಸುಳಿವೂ ಇರಲಿಲ್ಲ. ಅದು ನಮ್ಮ ಕಾಲೇಜಿನ ಗೋಡೆಗಳ ಒಳಗೆ ಮಾತ್ರ ಹುಟ್ಟಿದ ನಾಚಿಕೆಯೆಂದು ನನಗೆ ಅರಿವಾಯಿತು.

ಜಾನಪದದ ಸಂಗ್ರಹಕ್ಕೆ ನಮ್ಮ ಜಿಲ್ಲೆಯವರ ಸೇವೆ ಅಲ್ಪವಲ್ಲ. ನಾಗಮಂಗಲ ತಾಲ್ಲೂಕಿನಲ್ಲಿ ಜನಿಸಿದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಅದೇ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರು ವೃತ್ತಿಗಾಯಕರ ಕಾವ್ಯಗಳನ್ನು ವಿದ್ವತ್ತಿನ ವಿಷಯವನ್ನಾಗಿಸಿದರು. ಮಂಟೇಸ್ವಾಮಿಯ ಕಾವ್ಯವು ಇಂದು ಅಚ್ಚಿನಲ್ಲಿಯೂ ಉಂಟು. ಆದರೆ ಅಚ್ಚಿನಲ್ಲಿ ನುಡಿ ಉಳಿಯಬಹುದೇ ಹೊರತು ಸೊಲ್ಲು ಹಿಡಿಯುವ ಕಂಠ ಉಳಿಯದು. ಮುಖ್ಯ ಗಾಯಕನೊಬ್ಬನು ತಯಾರಾಗಬೇಕಾದರೆ ವರ್ಷಗಟ್ಟಲೆ ಹಿಮ್ಮೇಳದಲ್ಲಿ ಕುಳಿತಿರಬೇಕು. ಹಿಮ್ಮೇಳದ ಹುಡುಗನೇ ನಾಚಿ ಎದ್ದು ಹೋದರೆ ಮುಂದಿನ ತಲೆಮಾರಿಗೆ ಹಾಡುವವರಾರು?

ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ರಜೆಯಲ್ಲಿ ನಿಮ್ಮ ಊರಿನ ಸುತ್ತಮುತ್ತ ಎಲ್ಲಿಯಾದರೂ ನೀಲಗಾರರ ಕಥೆ ನಡೆದರೆ ಇಡೀ ರಾತ್ರಿ ಕುಳಿತು ಕೇಳಿ. ಯಾವ ಊರು, ಯಾವ ಸಾಲು, ಯಾವ ಸೊಲ್ಲು ಎಂಬುದನ್ನು ಗುರುತು ಹಾಕಿಕೊಳ್ಳಿ. ಸಾಧ್ಯವಾದರೆ ಸೊಲ್ಲಿಗೆ ದನಿಗೂಡಿಸಿ. ನನ್ನ ದನಿ ಮೊದಲು ತಾಳ ತಪ್ಪಿತು, ಯಾರೂ ನಗಲಿಲ್ಲ. ಬೆಳಗಾಗುವ ಹೊತ್ತಿಗೆ ಸರಿಹೋಯಿತು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಮಿತ್ರನಿಗೆ ಓದಿ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕು, ಹೇಳಬೇಡ ಅಂದದ್ದು ನನ್ನದೇ ತಪ್ಪು" ಎಂದನು. ತಪ್ಪು ಅವನದಲ್ಲವೆಂದು ನನ್ನ ಭಾವನೆ.